‘ನೆ’ ಇದ್ದಲ್ಲಿ ‘ರೆ’ ಹಾಕಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಒಂದು ಸುದ್ದಿಯಲ್ಲಿ ‘ಅಂಗವೈಕಲ್ಯದೊಂದಿಗೆ ಜೀವಿಸುತ್ತಿರುವ ವ್ಯಕ್ತಿಗಳು’ ಅಂತ ಬಂದಿತ್ತು. ಎರಡು ಸಲ ಓದಿದೆ. ಬರೆದವರ ಕಾಳಜಿ ಬಗ್ಗೆ ತಕರಾರಿಲ್ಲ. ಆದರೆ ಇದು ಇಂಗ್ಲಿಷಿನ ಮಾತಿನ ಪಡಿಯಚ್ಚು, ಇಂಗ್ಲಿಷಿನ ಬೇನೆಗೆ ಕೊಟ್ಟ ಔಷಧ. ನಮ್ಮ ಬೇನೆ ಬೇರೆ ಇದೆ, ಯಾರಿಗೆ ‘ಅವನು’, ಯಾರಿಗೆ ‘ಅವರು’ ಅನ್ನುತ್ತೇವೆ ಅನ್ನುವುದು.

ನಾನು ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಪ್ರತಿ ವರ್ಷ ಒಬ್ಬರಾದರೂ ‘ದಿ ಪೂರ್ಸ್’ ಅಂತ ಬರೆಯುತ್ತಾರೆ. ಇಲ್ಲವೇ ‘ದಿ ಪೂರ್ ಈಸ್’. ಎರಡೂ ತಪ್ಪು. ಇಂಗ್ಲಿಷಿನಲ್ಲಿ ಗುಣ ಹೇಳುವ ಪದದ ಮುಂದೆ ‘ದಿ’ ಹಚ್ಚಿದರೆ ಸಾಕು, ಅದೇ ಒಂದು ಗುಂಪಿನ ಹೆಸರಾಗುತ್ತದೆ. ದಿ ಪೂರ್, ದಿ ರಿಚ್, ದಿ ಬ್ಲೈಂಡ್. ‘ಎಸ್’ ಹತ್ತುವುದಿಲ್ಲ, ಆದರೆ ಅದರ ನಂತರ ‘ಈಸ್’ ಅಲ್ಲ, ‘ಆರ್’ ಬರಬೇಕು. ಇದನ್ನು ಹೇಳುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು, ‘ಸರ್, ಹಂಗಾದ್ರ ಒಬ್ಬ ಬಡವ ಬಂದ ಅಂತ ಹ್ಯಾಂಗ ಹೇಳೂದ್ರಿ?’

‘ಎ ಪೂರ್ ಕೇಮ್’ ಅನ್ನೋಕೆ ಬರುವುದಿಲ್ಲ. ‘ಎ ಪೂರ್ ಮ್ಯಾನ್’ ಅಂತ ಹಿಂದೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಬೇಕು. ಅಂದರೆ ‘ದಿ ಪೂರ್’ ಅನ್ನುವುದು ಬಾಯಿ ಹೊಲಿದ ಚೀಲ, ಒಳಗಿನಿಂದ ಒಬ್ಬರನ್ನೂ ಹೊರಗೆ ತೆಗೆಯಲಾಗದು. ಕೋರ್ಟಿನ ‘ದಿ ಅಕ್ಯೂಸ್ಡ್’ (ಆರೋಪಿ), ‘ದಿ ಡಿಸೀಸ್ಡ್’ (ಸತ್ತವರು) ಇಂಥ ಕೆಲವು ಮಾತ್ರ ಒಬ್ಬರಿಗೂ ನಡೆಯುತ್ತವೆ. ಒಂಟಿಯಾಗಿ ಲೆಕ್ಕಕ್ಕೆ ಬರಬೇಕಾದರೆ ಒಂದೋ ಆರೋಪಿಯಾಗಬೇಕು, ಇಲ್ಲ ಸಾಯಬೇಕು.

ಈ ಚೀಲದ ಬಗ್ಗೆ ಇಂಗ್ಲಿಷಿನವರಿಗೇ ಮುಜುಗರ ಇದೆ. 2023ರ ಜನವರಿಯಲ್ಲಿ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಭಾಷಾ ಕೈಪಿಡಿಯವರು ಟ್ವಿಟರ್‌ನಲ್ಲಿ ಒಂದು ಸಲಹೆ ಹಾಕಿದರು. ಜನರಿಗೆ ಸುಮ್ನೆ ‘ದಿ’ ಹಣೆಪಟ್ಟಿ ಹಚ್ಚಬೇಡಿ ಅಂತ. ಕೊಟ್ಟ ಉದಾಹರಣೆಗಳಲ್ಲಿ ದಿ ಪೂರ್, ದಿ ಡಿಸೇಬಲ್ಡ್ ಜೊತೆಗೆ ದಿ ಫ್ರೆಂಚ್ ಕೂಡ ಇತ್ತು! ಇಂಡಿಯನ್ಸ್, ಜರ್ಮನ್ಸ್ ಅನ್ನಬಹುದು. ಪಾಪ, ಫ್ರೆಂಚರಿಗೆ, ಡಚ್ಚರಿಗೆ ಆ ‘ಎಸ್’ ಭಾಗ್ಯ ಇಲ್ಲ, ಹಾಗಾಗಿ ಅವರಿಗೂ ‘ದಿ’ಯೇ ಗತಿ. ಅಮೆರಿಕದಲ್ಲಿರುವ ಫ್ರಾನ್ಸಿನ ರಾಯಭಾರ ಕಚೇರಿ ತಮಾಷೆಗೆ ‘ಫ್ರೆಂಚ್‌ತನದ ರಾಯಭಾರ ಕಚೇರಿ’ ಅಂತ ಹೆಸರು ಬದಲಿಸಿಕೊಂಡು ತೋರಿಸಿತು. ಕೊನೆಗೆ ಸಲಹೆ ಕೊಟ್ಟವರೇ ಅದನ್ನು ಅಳಿಸಿ ತಪ್ಪಾಯ್ತು ಅಂದರು.

ನಕ್ಕು ಬಿಡುವ ವಿಷಯ ಅಲ್ಲ, ಒಪ್ಪುತ್ತೇನೆ. ‘ಬ್ಲ್ಯಾಕ್ ಪೀಪಲ್’ ಅಂದರೆ ನಡೆಯುತ್ತದೆ, ‘ಬ್ಲ್ಯಾಕ್ಸ್’ ಅಂದರೆ ಈಗ ಒರಟು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲೂ ‘ಪರ್ಸನ್ಸ್’ ಮೊದಲು, ‘ಡಿಸಬಿಲಿಟೀಸ್’ ಆಮೇಲೆ. ಆದರೆ ಎಲ್ಲರಿಗೂ ಇದು ಬೇಕಾಗಿಯೂ ಇಲ್ಲ. ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ 1993ರಲ್ಲೇ ಇಂಥ ಸುತ್ತುಬಳಸಿನ ಮಾತು ಬೇಡ, ನಮ್ಮನ್ನು ‘ಬ್ಲೈಂಡ್’ ಅಂತಲೇ ಕರೆಯಿರಿ ಅನ್ನುವ ಅರ್ಥದ ನಿರ್ಣಯ ಮಾಡಿತ್ತು.

ಈಗ ಕನ್ನಡಕ್ಕೆ ಬನ್ನಿ. ನಮ್ಮಲ್ಲಿ ‘ಬಡ ಬಂದ’ ಅಂತ ಯಾರೂ ಅನ್ನುವುದಿಲ್ಲ. ಅವನೋ, ಅವಳೋ, ಅವರೋ ಅದರ ಬೆನ್ನಿಗೆ ಬರಲೇಬೇಕು. ಬಡವ, ಬಡವಿ, ಬಡವರು. ಉಳ್ಳವರು, ಇಲ್ಲದವರು, ಓದಿದವರು, ಕಣ್ಣು ಕಾಣದವರು. ಪದದ ಹೊಟ್ಟೆಯಲ್ಲೇ ಜನ ಇದ್ದಾರೆ, ಅಲ್ವಾ? ಮತ್ತೆ ‘ವ್ಯಕ್ತಿಗಳು’ ಅಂತ ಹೊರಗಿನಿಂದ ತರುವುದು ಯಾಕೆ? ಇನ್ನೊಂದು ಮಜಾ ನೋಡಿ. ಈ ‘ಅವರು’ ಗುಂಪಿಗೂ ಬರುತ್ತದೆ, ಒಬ್ಬರಿಗೆ ಕೊಡುವ ಮರ್ಯಾದೆಗೂ ಬರುತ್ತದೆ.

ನಾವು ಎಡವುವುದು ಇಲ್ಲೇ. ಗದಗಿನ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ಅಷ್ಟೇ. ನಮ್ಮ ಕಡೆ ಅವರ ಹೆಸರು ಎತ್ತಿದರೆ ‘ಗವಾಯಿಗಳು’, ‘ಅಜ್ಜಾವರು’ ಅಂತಲೇ ಬರುತ್ತದೆ. ಅದೇ ಬಾಯಿ ಸಂತೆಯಲ್ಲಿ ಬಾಚಣಿಕೆ ಮಾರುವವರಿಗೆ ‘ಏ ಕುರುಡ’ ಅನ್ನುತ್ತದೆ. ನಮ್ಮ ಓಣಿಯಲ್ಲೇ ಪೋಲಿಯೋ ಆದವರೊಬ್ಬರಿದ್ದಾರೆ, ಅವರ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ, ‘ಕುಂಟ’ ಅಂದರೆ ಸಣ್ಣ ಹುಡುಗರೂ ಮನೆ ತೋರಿಸುತ್ತಾರೆ. ಸರಕಾರದವರು ಅಂಗವಿಕಲ ಬೇಡ ಅಂತ ವಿಕಲಚೇತನ ತಂದರು. ನನಗಂತೂ ಇದು ಮೊದಲಿನದ್ದಕ್ಕಿಂತ ಕೆಟ್ಟದ್ದು ಅನಿಸುತ್ತದೆ. ಮೊದಲು ಅಂಗ ಮಾತ್ರ ಊನ ಇತ್ತು, ಈಗ ಚೇತನವೇ ಊನ! 2015ರಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ದಿವ್ಯಾಂಗ ಅಂದರು. ಆ ಸಂತೆಯಲ್ಲಿ ಇವತ್ತಿಗೂ ಕುರುಡನೇ.

ನನಗೂ ಒಂದು ಹಣೆಪಟ್ಟಿ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಯೂ ಹೋಯಿತು. ಇಂಗ್ಲಿಷ್ ಪೇಪರಿನಲ್ಲಿ ನಾವು ‘ದಿ ಡಿಸ್‌ಪ್ಲೇಸ್ಡ್’. ಕನ್ನಡ ಪೇಪರಿನಲ್ಲಿ ‘ಸಂತ್ರಸ್ತರು’. ಸಂಸ್ಕೃತದಲ್ಲಿ ಸಂತ್ರಸ್ತ ಅಂದರೆ ಹೆದರಿದವನು. ಅಪ್ಪ ಪರಿಹಾರದ ಫೈಲು ಹಿಡಿದು ಒಂದು ಕಚೇರಿಗೆ ಹೋದಾಗ ‘ಸಂತ್ರಸ್ತರು ಆ ಕಡೆ ಕುಂದರ್ರಿ’ ಅಂದರಂತೆ. ಅಪ್ಪ ದಣಿದಿದ್ದರು, ಸಿಟ್ಟಾಗಿದ್ದರು, ಆದರೆ ಹೆದರಿರಲಿಲ್ಲ. ನಾವು ನಮ್ಮನ್ನು ಕರೆದುಕೊಳ್ಳುವ ಹೆಸರೇ ಬೇರೆ. ಯಾವುದಾದರೂ ಮದುವೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು ‘ನೀವೂ ಮುಳುಗಡಿಯವರೇನ್ರಿ?’ ಅಂತ ಕೇಳುತ್ತಾರೆ. ಹೌದು ಅಂದರೆ ಮುಗೀತು, ಯಾವ ಓಣಿ, ಯಾರ ಪೈಕಿ, ಈಗ ಯಾವ ಸೆಕ್ಟರ್, ಊಟ ಮುಗಿಯೋವರೆಗೆ ಮಾತು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಒಂದೇ ದಿನದ ಪತ್ರಿಕೆಯಲ್ಲಿ, ಒಮ್ಮೊಮ್ಮೆ ಒಂದೇ ಪುಟದಲ್ಲಿ, ಕಟ್ಟಡದಿಂದ ಬಿದ್ದ ಕೂಲಿಯವನು ‘ಮೃತಪಟ್ಟಿದ್ದಾನೆ’, ಕಟ್ಟಡದ ಮಾಲೀಕರಾದರೆ ‘ನಿಧನರಾಗಿದ್ದಾರೆ’. ಐವತ್ತು ದಾಟಿದ ಕೂಲಿಯವರಿಗೂ ‘ಇದ್ದಾನೆ’ಯೇ. ‘ಜೀವಿಸುತ್ತಿರುವ ವ್ಯಕ್ತಿಗಳು’ ಅಂತ ಉದ್ದ ಬರೆಯುವ ಮೊದಲು ಇದನ್ನೊಂದು ಸರಿ ಮಾಡಿ. ಜಾಗವೂ ಜಾಸ್ತಿ ಬೇಡ. ‘ನೆ’ ಇದ್ದಲ್ಲಿ ‘ರೆ’, ಅಷ್ಟೇ.

ನಿಮ್ಮ ಓದುಗ,
ನವನಗರ, ಬಾಗಲಕೋಟೆ