ಕೋಟೆಯನ್ನು ಕಂದಕದಿಂದ ನೋಡಬೇಕು

ಆತ್ಮೀಯ ಓದುಗರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ರೈನ್ ನದಿಯ ಆಸುಪಾಸಿನ ನಮ್ಮ ಸದಸ್ಯರ ಮನೆಗಳಲ್ಲಿ ಫ್ರಾನ್ಸಿನ ಅಲ್ಸಾಸ್ ಪ್ರವಾಸದ ಮಾತು ಶುರುವಾಗುತ್ತದೆ. ಕೋಲ್ಮಾರ್ ನೋಡಿದವರಲ್ಲಿ ಕೆಲವರು ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ನಫ್-ಬ್ರಿಜಾಕ್‌ಗೂ ಹೋಗಿಬರುತ್ತಾರೆ. ವಿಮಾನದಿಂದ ತೆಗೆದ ಚಿತ್ರದಲ್ಲಿ ಅಷ್ಟು ಚೆಂದ ಕಾಣುವ ನಕ್ಷತ್ರದ ಕೋಟೆ, ಚೌಕದಲ್ಲಿ ಕಾರು ನಿಲ್ಲಿಸಿ ಸುತ್ತ ನೋಡಿದರೆ ಎಲ್ಲೂ ಕಾಣುವುದಿಲ್ಲ. ಚಿತ್ರದುರ್ಗ ನೋಡಿ ಬೆಳೆದ ಕಣ್ಣಿಗೆ ಕೋಟೆ ಎಂದರೆ ಎತ್ತರ, ಹರದಾರಿ ದೂರದಿಂದಲೇ ಕಾಣಬೇಕು. ಈ ಕೋಟೆ ಕಟ್ಟಿದವರು ಪಟ್ಟ ಶ್ರಮವೆಲ್ಲ ಅದು ಕಾಣಬಾರದೆಂದು. ಆದ್ದರಿಂದ ಇದನ್ನು ನೋಡುವ ಕ್ರಮವೇ ಬೇರೆ. ಹೊರಗಿನ ಬಯಲಿನಿಂದ ಶುರುಮಾಡಿ ಕಂದಕಕ್ಕೆ ಇಳಿದು, ಊರೊಳಗೆ ಕೊನೆಗೆ ಹೋಗಬೇಕು.

ಎತ್ತರದ ಗೋಡೆಗೆ ಆಪತ್ತು ತಂದದ್ದು ಕಬ್ಬಿಣದ ಗುಂಡು. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ಫಿರಂಗಿಗಳೊಂದಿಗೆ ಇಟಲಿಗೆ ನುಗ್ಗಿದಾಗ ಹಳೆಯ ಕಾಲದ ಕೋಟೆಗಳು ತಡೆಯಲಿಲ್ಲ. ಗೋಡೆ ಎತ್ತರವಾದಷ್ಟೂ ಗುರಿ ಸುಲಭ. ಬುಡಕ್ಕೆ ಹೊಡೆದರೆ ಮೇಲಿನದೆಲ್ಲ ಕುಸಿದು ಕಂದಕ ತುಂಬಿ, ಹತ್ತಿ ಬರುವವರಿಗೆ ಅದೇ ದಾರಿಯಾಗುತ್ತದೆ. ದುಂಡು ಬತೇರಿಗೆ ಇನ್ನೊಂದು ದೋಷವಿತ್ತು. ಅದರ ಮೂತಿಯ ಕೆಳಗೆ ಯಾವ ಕಡೆಯಿಂದಲೂ ಗುಂಡು ತಾಗದ ಒಂದಿಷ್ಟು ಜಾಗ ಉಳಿಯುತ್ತಿತ್ತು, ಶತ್ರು ಅಲ್ಲಿ ನಿಂತು ನಿಶ್ಚಿಂತೆಯಿಂದ ಸುರಂಗ ತೋಡಬಹುದಿತ್ತು. ಗೋಡೆಯನ್ನು ಕಂದಕದೊಳಕ್ಕೆ ಇಳಿಸಿ ಹಿಂದೆ ಮಣ್ಣು ತುಂಬಿದ್ದು ಮೊದಲ ದೋಷಕ್ಕೆ ಪರಿಹಾರ. ಎರಡನೆಯದಕ್ಕೆ ದುಂಡು ಬತೇರಿ ಹೋಗಿ ಬಾಣದ ಮೊನೆಯಂಥ ಕೊತ್ತಲ ಬಂತು. ಅದರ ಪಕ್ಕೆಯಲ್ಲಿ ನಿಂತವನಿಗೆ ಪಕ್ಕದ ಕೊತ್ತಲದ ಮುಖ ಬುಡದವರೆಗೂ ಕಾಣುತ್ತದೆ. ನಕ್ಷತ್ರದ ಆಕಾರ ಅಂದಕ್ಕಾಗಿ ಬಂದದ್ದಲ್ಲ, ಈ ನೋಟದ ಗೆರೆಗಳನ್ನು ಎಳೆಯುತ್ತ ಹೋದಾಗ ತಾನಾಗಿ ಮೂಡಿದ್ದು. ಕೋಟೆಯ ಅಳತೆಯನ್ನು ಗೊತ್ತುಮಾಡಿದ್ದೂ ಬಂದೂಕವೇ. ಎರಡು ಕೊತ್ತಲಗಳ ಮೊನೆಯಿಂದ ಮೊನೆಗೆ ಸಾಮಾನ್ಯವಾಗಿ 180 ತುವಾಜ್, ಅಂದರೆ ಸುಮಾರು 350 ಮೀಟರ್ ಇರುತ್ತಿತ್ತು. ಹಾಗಿದ್ದರೆ ಪಕ್ಕೆಯಿಂದ ಎದುರಿನ ಮೊನೆಗಿರುವ ದೂರ ಆ ಕಾಲದ ಬಂದೂಕದ ಹೊಡೆತದೊಳಗೇ ಬರುತ್ತಿತ್ತು.

ಈ ಲೆಕ್ಕವನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ಸೆಬಾಸ್ಟಿಯಾನ್ ಲ ಪ್ರೆತ್ರ್ ದ ವೋಬಾನ್ (1633–1707). ಕೋಟೆ ಕಟ್ಟುವುದಕ್ಕೆ ಎಷ್ಟು ಹೆಸರಾಗಿದ್ದನೋ ಕೋಟೆ ಕೆಡಹುವುದಕ್ಕೂ ಅಷ್ಟೇ ಹೆಸರಾಗಿದ್ದ. 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಕೋಟೆಗೆ ಸಮಾನಾಂತರವಾಗಿ ಒಂದರ ಮುಂದೊಂದು ಕಾಲುವೆಯಂಥ ತಗ್ಗು ತೋಡಿಸಿ, ಅವುಗಳ ನಡುವೆ ಅಂಕುಡೊಂಕಾದ ದಾರಿ ಕೊರೆಸುತ್ತ ಮುಂದೆ ಸಾಗಿ, ಎರಡು ವಾರದೊಳಗೆ ಊರು ಗೆದ್ದುಕೊಟ್ಟ. ದಾರಿ ಅಂಕುಡೊಂಕಾಗಿದ್ದದ್ದು ಕೋಟೆಯಿಂದ ಬರುವ ಗುಂಡು ಅದರ ಉದ್ದಕ್ಕೂ ಹರಿಯಬಾರದೆಂದು. ತನ್ನ ಕೋಟೆಯನ್ನು ಇನ್ನೊಬ್ಬ ವೋಬಾನ್ ಮುತ್ತಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವನು ಕೊಟ್ಟ ಕಡೆಯ ಉತ್ತರ ನಫ್-ಬ್ರಿಜಾಕ್. 1697ರ ರಿಸ್ವಿಕ್ ಒಪ್ಪಂದದಲ್ಲಿ ರೈನ್ ಬಲದಂಡೆಯ ಬ್ರೈಜಾಖ್ ಫ್ರಾನ್ಸಿನ ಕೈತಪ್ಪಿತು. ಅದಕ್ಕೆ ಎದುರಾಗಿ ಎಡದಂಡೆಯ ಸಮತಟ್ಟು ನೆಲದಲ್ಲಿ 1698ರಲ್ಲಿ ಹೊಸ ಊರಿನ ನಕ್ಷೆ ಸಿದ್ಧವಾಯಿತು. ಬಂಡೆಯಿಲ್ಲ, ಗುಡ್ಡವಿಲ್ಲ, ಎಲ್ಲವನ್ನೂ ಮನುಷ್ಯನೇ ಮಾಡಬೇಕು. ಕಲ್ಲು ಸಾಗಿಸಲೆಂದೇ ಒಂದು ಕಾಲುವೆ ತೋಡಿದರು.

ಈಗ ನಡೆಯುವ ಕ್ರಮಕ್ಕೆ ಬರೋಣ. ಮೊದಲು ಕಂದಕದ ಹೊರಗಿನ ಹುಲ್ಲಿನ ಇಳಿಜಾರಿನ ಆಚೆ ಅಂಚಿಗೆ ಹೋಗಿ ನಿಲ್ಲಿ. ಇದಕ್ಕೆ ಫ್ರೆಂಚರು ಗ್ಲಾಸಿ ಎನ್ನುತ್ತಾರೆ. ಪಾರ್ಕ್ ಎಂದುಕೊಂಡು ದಾಟಿಬಿಡುವವರೇ ಹೆಚ್ಚು, ಆದರೆ ಇಡೀ ಕೋಟೆಯಲ್ಲಿ ಎಲ್ಲಕ್ಕಿಂತ ಜಾಣತನದ ಭಾಗ ಇದೇ. ಇಲ್ಲಿಂದ ನೋಡಿದರೆ ಗೋಡೆಯ ಬುಡ ಕಾಣುವುದಿಲ್ಲ, ಅಂದರೆ ಫಿರಂಗಿಯೂ ಅದನ್ನು ಮುಟ್ಟುವುದಿಲ್ಲ. ಆದರೆ ಇಳಿಜಾರು ಹತ್ತಿ ಬರುವವನಿಗೆ ಮರೆಯಾಗಲು ಒಂದು ತಗ್ಗೂ ಇಲ್ಲ, ಮೇಲಿನಿಂದ ಅವನು ಉದ್ದಕ್ಕೂ ಕಾಣುತ್ತಲೇ ಇರುತ್ತಾನೆ. ಅಲ್ಲಿಂದ ಕಂದಕಕ್ಕೆ ಇಳಿಯಿರಿ. ನೀರಿಲ್ಲದ ಒಣ ಕಂದಕ, ಒಂದು ಸುತ್ತು ಸುಮಾರು ಎರಡೂವರೆ ಕಿಲೋಮೀಟರ್. ಮೂಲೆ ಮೂಲೆಯಲ್ಲೂ ನಿಂತು ನೋಡಬೇಕು, ಎರಡು ಗಂಟೆ ಬೇಕು. ಬೆಳಗ್ಗೆ ಅಥವಾ ಸಂಜೆ ಹೋದರೆ ಓರೆ ಬಿಸಿಲಿನಲ್ಲಿ ಕೋನಗಳು ನೆರಳಿನಿಂದ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಎಲ್ಲ ಗೋಡೆಯೂ ಒಂದೇ ಗೋಡೆ.

ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ. ಮೊನೆಯಲ್ಲಿ ಎದುರಾಗುವ ದೊಡ್ಡ ಕಟ್ಟಡವನ್ನು ಊರಿನ ಗೋಡೆ ಎಂದುಕೊಳ್ಳುತ್ತಾರೆ. ಅದು ಬಿಡಿಯಾಗಿ ಕಟ್ಟಿದ ಕೊತ್ತಲ, ಅದರ ಹಿಂದೆ ಇನ್ನೊಂದು ಕಂದಕವಿದೆ, ಅದರಾಚೆಗೆ ನಿಜವಾದ ಗೋಡೆ. ಹಳೆಯ ಮಾದರಿಯಲ್ಲಿ ಕೊತ್ತಲ ಮುಖ್ಯ ಗೋಡೆಗೆ ಅಂಟಿಕೊಂಡಿರುತ್ತಿತ್ತು, ಅದು ಬಿದ್ದರೆ ಊರೂ ಬಿದ್ದಂತೆ. ಬೆಲ್ಫೋರ್ ಮತ್ತು ಲಾಂಡಾವ್‌ಗಳಲ್ಲಿ ವೋಬಾನ್ ಕೊತ್ತಲವನ್ನು ಕತ್ತರಿಸಿ ಮುಂದಿಟ್ಟು, ಹಿಂದಿನ ಮೂಲೆಗೆ ಎರಡಂತಸ್ತಿನ ಫಿರಂಗಿ ಬುರುಜು ಕಟ್ಟಿಸಿದ. ನಫ್-ಬ್ರಿಜಾಕ್‌ನಲ್ಲಿ ಆ ಉಪಾಯ ಪೂರ್ತಿ ಮಾಗಿದೆ. ಅವನ ಮೂರನೆಯ ಪದ್ಧತಿ ಎಂದು ಕರೆಯುವ ಈ ಮಾದರಿಯ ಕೋಟೆ ಜಗತ್ತಿನಲ್ಲಿ ಇದೊಂದೇ. ಎಂಟು ಮೂಲೆಗೆ ಎಂಟು ಬುರುಜು. ಎರಡು ಬುರುಜುಗಳ ನಡುವಿನ ಗೋಡೆಯ ಮುಂದೆ ಇಕ್ಕಳದ ಬಾಯಿಯಂಥ ತಗ್ಗು ಕಟ್ಟೆ. ಅದರ ಹೆಸರೇ ತನಾಯ್, ಇಕ್ಕಳವೆಂದೇ ಅರ್ಥ. ಅದರ ಮುಂದೆ ತ್ರಿಕೋನದ ದ್ವೀಪದಂತಿರುವುದು ದೆಮಿ-ಲ್ಯೂನ್, ಅಂದರೆ ಅರ್ಧಚಂದ್ರ. ಮಕ್ಕಳನ್ನು ಕರೆದೊಯ್ದವರು ಒಂದು ಆಟ ಆಡಿಸಿ: ಒಬ್ಬರು ಗೋಡೆಯ ಬುಡದಲ್ಲಿ ಅಡಗಿಕೊಳ್ಳಲಿ, ಇನ್ನೊಬ್ಬರು ಕಂದಕದಲ್ಲಿ ನಡೆಯುತ್ತ ಅವರನ್ನು ನೋಡಬಲ್ಲ ಗುಂಡುಕಂಡಿಗಳನ್ನು ಎಣಿಸಲಿ. ವೋಬಾನ್‌ನ ವಿದ್ಯೆ ಅರ್ಧ ಗಂಟೆಯಲ್ಲಿ ತಲೆಗೆ ಹತ್ತುತ್ತದೆ.

ಇಷ್ಟಾದ ಮೇಲೆ ಊರೊಳಗೆ ಹೋಗಿ. ಚದುರಂಗದ ಹಾಸಿನಂಥ 48 ಕೇರಿ, ನಡುವೆ ಸೈನ್ಯ ಸೇರುವ ಚೌಕ, ಚೌಕದ ನಾಲ್ಕು ಮೂಲೆಗೆ ನಾಲ್ಕು ಬಾವಿ. ಬೆಲ್ಫೋರ್ ಬಾಗಿಲು ಎಂಬ ಈ ಊರಿನ ಕೋಟೆಬಾಗಿಲಿನಲ್ಲಿ ವೋಬಾನ್ ಸಂಗ್ರಹಾಲಯವಿದೆ. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ವೋಬಾನ್‌ನ 12 ತಾಣಗಳಲ್ಲಿ ಇದೂ ಒಂದು. ಅದೇ ಪಟ್ಟಿಯ ಮೋಂ-ಲೂಯಿಗೆ ಹೋಗುವವರಿಗೆ ಒಂದು ಮಾತು: ಅಲ್ಲಿನ ಒಳಕೋಟೆಯಲ್ಲಿ ಫ್ರೆಂಚ್ ಕಮಾಂಡೋ ತರಬೇತಿ ಕೇಂದ್ರ ಈಗಲೂ ಇದೆ, ಮನಬಂದಂತೆ ಒಳಗೆ ತಿರುಗಾಡುವಂತಿಲ್ಲ. ಪ್ಯಾರಿಸ್‌ಗೆ ಹೋಗುವವರು ಆಂವಾಲೀದ್ ಕಟ್ಟಡದ ಸಂಗ್ರಹಾಲಯದಲ್ಲಿ 600ಕ್ಕೆ ಒಂದರ ಅಳತೆಯಲ್ಲಿ ಮಾಡಿದ ಕೋಟೆಗಳ ಮಾದರಿಗಳನ್ನು ತಪ್ಪದೆ ನೋಡಿ. ಲೂಯಿ ದೊರೆ ಕುಳಿತಲ್ಲೇ ಮುತ್ತಿಗೆಯ ಲೆಕ್ಕ ಹಾಕಲೆಂದು 1668ರಿಂದ ಮಾಡಿಸಿದ ಸಂಗ್ರಹ ಅದು.

ಕಲ್ಲು-ಮಣ್ಣಿನ ಈ ಲೆಕ್ಕ ನಿಂತದ್ದು ಫಿರಂಗಿಯ ದೂರ ಹೆಚ್ಚಾಗುವವರೆಗೆ ಮಾತ್ರ. ಜರ್ಮನ್ನರೊಂದಿಗಿನ ಯುದ್ಧದಲ್ಲಿ, 1870ರ ನವೆಂಬರ್‌ನಲ್ಲಿ, ದೂರದಿಂದ ಬಂದ ಶೆಲ್‌ಗಳಿಗೆ ನಫ್-ಬ್ರಿಜಾಕ್ ಶರಣಾಯಿತು. ಆ ಸೋಲಿನ ಬಳಿಕ ಜನರಲ್ ಸೆರೆ ದ ರಿವಿಯೇರ್ ಊರುಗಳಿಂದ ಕಿಲೋಮೀಟರುಗಟ್ಟಲೆ ಆಚೆಗೆ ಬಿಡಿ ಕೋಟೆಗಳ ಸರಪಣಿ ಕಟ್ಟಿಸಿದ. 1885ರ ಹೊತ್ತಿಗೆ ಮೆಲಿನೈಟ್ ಎಂಬ ಸ್ಫೋಟಕ ತುಂಬಿದ ಶೆಲ್ ಬಂದು ಅವುಗಳ ಕಲ್ಲಿನ ಕಮಾನು ನಿಷ್ಪ್ರಯೋಜಕವಾಯಿತು, ಮೇಲೆ ಕಾಂಕ್ರೀಟ್ ಹೊದಿಸಬೇಕಾಯಿತು. ಮೊದಲ ಮಹಾಯುದ್ಧದ ರಣರಂಗವಾದ ವರ್ಡನ್ ಬಳಿಯ ದುಓಮೋಂ ಕೋಟೆಯಲ್ಲಿ ಆ ಪದರ ಕಣ್ಣಿಗೇ ಕಾಣುತ್ತದೆ. ಅಷ್ಟು ಗಟ್ಟಿ ಕೋಟೆ 1916ರ ಫೆಬ್ರವರಿ 25ರಂದು ಹೊಡೆದಾಟವೇ ಇಲ್ಲದೆ ಜರ್ಮನ್ನರ ಕೈಸೇರಿತು. ಕೋಟೆಗಳ ಕಾಲ ಮುಗಿಯಿತೆಂದು ಹಿಂದಿನ ವರ್ಷವೇ ಫಿರಂಗಿಗಳನ್ನೂ ಸೈನಿಕರನ್ನೂ ತೆಗೆದುಬಿಟ್ಟಿದ್ದರು. ಪಕ್ಕದ ವೋ ಕೋಟೆಯ ಕತೆ ಇನ್ನೂ ಕರುಳು ಹಿಂಡುತ್ತದೆ. ಮೇಜರ್ ರೇನಾಲ್‌ನ ಪಡೆ ಒಳಗಿನ ಕತ್ತಲ ಓಣಿಗಳಲ್ಲಿ ಮರಳಿನ ಚೀಲ ಪೇರಿಸಿ ಅಂಗುಲ ಅಂಗುಲಕ್ಕೂ ಹೋರಾಡಿತು. ಜೂನ್ 7ರಂದು ಅವರನ್ನು ಮಣಿಸಿದ್ದು ಬಾಯಾರಿಕೆ. ತೊಟ್ಟಿಯಲ್ಲಿ ತಿಳಿದಿದ್ದಷ್ಟು ನೀರು ಇರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನ್ನರನ್ನು ತಡೆಯಲು ಫ್ರಾನ್ಸ್ ಗಡಿಯಲ್ಲಿ ಕಟ್ಟಿದ ನೆಲದಡಿಯ ಕೋಟೆಗಳ ಸಾಲಿಗೆ ಮಾಜಿನೋ ಸಾಲು ಎಂದು ಹೆಸರು. ಅದನ್ನು ನೋಡಬಯಸುವವರಿಗೆ ಅಲ್ಸಾಸ್‌ನ ಶೋನೆನ್‌ಬುರ್ಗ್ ಹತ್ತಿರ. ಲೋರೇನ್‌ನ ಹಾಕೆನ್‌ಬರ್ಗ್ ಅದಕ್ಕಿಂತ ದೊಡ್ಡದು, ಒಳಗೆ ವಿದ್ಯುತ್ ರೈಲಿನಲ್ಲಿ ಕೂರಿಸುತ್ತಾರೆ. ಶೋನೆನ್‌ಬುರ್ಗ್‌ನ ಮೇಲೆ ಜರ್ಮನ್ನರು ಬಾಂಬ್ ಹಾಕಿದರು, 420 ಮಿಲಿಮೀಟರ್ ಶೆಲ್ ಹೊಡೆದರು. ಆದರೂ ಅದು ಬೀಳಲಿಲ್ಲ. ಕದನವಿರಾಮವಾಗಿ, ಮೇಲಿನಿಂದ ಆಜ್ಞೆ ಬಂದ ಮೇಲೆಯೇ 1940ರ ಜುಲೈ 1ರಂದು ಬಾಗಿಲು ತೆರೆಯಿತು. ಮಾಜಿನೋ ಎಂದೊಡನೆ ಮೂರ್ಖತನ ಎನ್ನುವವರು ಇದನ್ನೊಮ್ಮೆ ನೋಡಬೇಕು.

ಭೂಮಿಯೊಳಗೆ ಆಗಸ್ಟ್‌ನಲ್ಲೂ 12–13 ಡಿಗ್ರಿಯಷ್ಟೇ. ಟಿ-ಶರ್ಟಿನಲ್ಲಿ ಬಂದ ಮಕ್ಕಳು ಅರ್ಧಕ್ಕೇ ನಡುಗುತ್ತಾರೆ, ಸ್ವೆಟರ್ ಇರಲಿ. ಕಾಂಕ್ರೀಟ್ ನೆಲ ಒದ್ದೆಯಾಗಿ ಜಾರುತ್ತದೆ, ಚಪ್ಪಲಿ ಬೇಡ. ಇಂಥ ಹಲವು ಕೋಟೆಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ, ಹೊರಡುವ ಮೊದಲು ವೇಳೆ ವಿಚಾರಿಸಿ. ಸೆಪ್ಟೆಂಬರ್ ಮೂರನೆಯ ವಾರಾಂತ್ಯದ ಪರಂಪರೆಯ ದಿನಗಳಲ್ಲಿ ಬೇರೆ ದಿನ ತೆರೆಯದ ಕೆಲವು ಬಾಗಿಲುಗಳೂ ತೆರೆಯುತ್ತವೆ. ಕಾಡಿನಲ್ಲಿ ಸಿಕ್ಕ ಪಾಳು ಬಂಕರಿನೊಳಗೆ ಮಾತ್ರ ಇಳಿಯಬೇಡಿ. ಏಣಿ ತುಕ್ಕು ಹಿಡಿದಿರುತ್ತದೆ, ನೆಲದಲ್ಲಿ ಮುಚ್ಚಳವಿಲ್ಲದ ಹಳ್ಳಗಳಿರುತ್ತವೆ, ಗಾಳಿಯೂ ಆಡುವುದಿಲ್ಲ. ವರ್ಡನ್‌ನಲ್ಲಿ ಕಾಲುದಾರಿ ಬಿಟ್ಟು ಹೋಗಬೇಡಿ. ತುಕ್ಕು ಹಿಡಿದ ಶೆಲ್ ನೂರು ವರ್ಷದ ಬಳಿಕವೂ ಸಿಡಿಯಬಲ್ಲದು. ಕಂಡರೆ ಮುಟ್ಟದೆ, ಜಾಗ ಗುರುತಿಟ್ಟುಕೊಂಡು 17 ಅಥವಾ 112ಕ್ಕೆ ಫೋನ್ ಮಾಡಿ. ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ಹಳೆಯ ವಸ್ತು ಹುಡುಕುವುದು ಫ್ರಾನ್ಸಿನಲ್ಲಿ ಅಪರಾಧ.

ವರ್ಷದ ಕೊನೆಗೆ ಊರಿಗೆ ಹೋಗುವವರು ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ಐದಾರು ಕಿಲೋಮೀಟರ್ ಸಾಗಿ ಮಂಜರಾಬಾದ್ ಕೋಟೆ ಹತ್ತಿ. 1792ರಲ್ಲಿ ಟಿಪ್ಪು ಕಟ್ಟಿಸಿದ ಈ ಕೋಟೆಗೂ ಎಂಟು ಮೂಲೆ. ಟಿಪ್ಪುವಿನ ಸೇನೆಯಲ್ಲಿ ಫ್ರೆಂಚರಿದ್ದರು. 1788ರ ಆಗಸ್ಟ್‌ನಲ್ಲಿ ಅವನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. ಇಲ್ಲಿ ಗ್ಲಾಸಿ ಕಟ್ಟುವ ಅಗತ್ಯ ಬೀಳಲಿಲ್ಲ, ಗುಡ್ಡದ ಇಳಿಜಾರೇ ಆ ಕೆಲಸ ಮಾಡುತ್ತದೆ. ನಡುವಿನ ಮೆಟ್ಟಿಲ ಕೊಳದ ಫೋಟೋ ತೆಗೆದು ಇಳಿದು ಬಂದುಬಿಡಬೇಡಿ. ಗೋಡೆಯ ಮೇಲೆ ಒಂದು ಸುತ್ತು ಹೋಗಿ, ಪ್ರತಿ ಮೂಲೆಯಲ್ಲೂ ನಿಂತು ಪಕ್ಕದ ಗೋಡೆಯ ಬುಡ ಕಾಣುತ್ತದೆಯೇ ಎಂದು ನೋಡಿ. ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂದು ಗುರುತು ಹಾಕಿದ ನಕ್ಷೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನಫ್-ಬ್ರಿಜಾಕ್‌ನ ನಕ್ಷೆಯ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.