ವಿಷಯ: ನಿಮ್ಮ ಅಂಗಡಿಯ ಕೈಮಾ, ನನ್ನ ಮಕ್ಕಳ ವಾಂತಿ

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

ಫೋನಿನಲ್ಲಿ ಮರ್ಯಾದೆಯಾಗಿ ಮಾತಾಡಿ ಸಾಕಾಯಿತು. ಅದಕ್ಕೇ ಈ ಪತ್ರ.

ಭಾನುವಾರ ನಿಮ್ಮ ಅಂಗಡಿಯಿಂದ ಮಟನ್ ಕೈಮಾ ತಂದೆ. ಮಧ್ಯಾಹ್ನ ಕೈಮಾ ಉಂಡೆ ಸಾರು ಉಂಡ ಇಬ್ಬರು ಮಕ್ಕಳಿಗೂ ಸಂಜೆಯೊಳಗೆ ವಾಂತಿ. ರಾತ್ರಿ ಡ್ರಿಪ್ ಹಾಕಿಸಬೇಕಾಯಿತು.

ಮರುದಿನ ಬಿಲ್ಲು ಹಿಡಿದು ಬಂದೆ. ನಿಮ್ಮ ಮ್ಯಾನೇಜರ್ ಬಿಲ್ಲು ನೋಡಲೇ ಇಲ್ಲ.

"ಅಡುಗೆ ಯಾರು ಮಾಡಿದ್ದು ಮೇಡಂ?"

"ನಾನೇ."

"ಎಷ್ಟು ಹೊತ್ತು ಬೇಯಿಸಿದ್ರಿ?"

"ಕುದಿಯೋ ಸಾರಿಗೆ ಉಂಡೆ ಬಿಟ್ಟು ಅರ್ಧ ಗಂಟೆ."

"ಗಡಿಯಾರ ನೋಡ್ಕೊಂಡಿದ್ರಾ?"

ಹಿಂದೆ ನಿಂತಿದ್ದವರೊಬ್ಬರು ಕಿಸಕ್ಕಂತ ನಕ್ಕರು. ಮ್ಯಾನೇಜರ್‌ಗೆ ಹುರುಪು ಜಾಸ್ತಿಯಾಯಿತು. "ಮೊದಲನೇ ಸಲ ಮಾಡಿದ್ದಾ?" ಅಂದರು. ನಮ್ಮತ್ತೆ ಕೂಡ ನನ್ನನ್ನು ಹೀಗೆ ಪರೀಕ್ಷೆ ಮಾಡಿದವರಲ್ಲ. ಆಮೇಲೆ ಮಾಂಸ ಕೊಚ್ಚುವ ಹುಡುಗನನ್ನು ಕರೆದು, "ಮೇಡಂಗೆ ಕೈಮಾ ಉಂಡೆ ಮಾಡೋದು ಹೇಳ್ಕೊಡೋ" ಅಂದರು.

ಆ ಹುಡುಗನ ತೋರುಬೆರಳಿಗೆ ಪ್ಲಾಸ್ಟರ್ ಇತ್ತು. ನೆನೆದು, ಅಂಚು ಬಿಟ್ಟು ಜೋತಾಡುತ್ತಿತ್ತು. ಗ್ಲೌಸ್ ಇಲ್ಲ. ಅದೇ ಬೆರಳಲ್ಲಿ ಮಾಂಸವನ್ನು ಮೆಷಿನ್ ಒಳಗೆ ಒತ್ತುತ್ತಿದ್ದ. ಕೊಚ್ಚಿದ ಕೈಮಾ ಟ್ರೇನಲ್ಲಿ, ಫ್ರಿಜ್ ಹೊರಗೆ, ಫ್ಯಾನಿನ ಕೆಳಗೆ. ಪಾಪ, ಅದಕ್ಕೂ ಸೆಕೆ ಅಲ್ವಾ!

ಇಷ್ಟು ಬೇಗ ವಾಂತಿ ಶುರುವಾದರೆ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ ಅನುಮಾನ ಅಂತ ಮಕ್ಕಳ ಡಾಕ್ಟರು ಹೇಳಿದರು. ಅದು ಗಾಯದಿಂದ, ಮೂಗಿನಿಂದ ಆಹಾರ ಸೇರುತ್ತದೆ. ತಣ್ಣಗಿಡದಿದ್ದರೆ ಬೆಳೆದು ವಿಷ ಬಿಡುತ್ತದೆ. ತುಂಡು ಮಾಂಸದಲ್ಲಿ ಮೇಲೆ ಅಂಟಿರುವ ಬ್ಯಾಕ್ಟೀರಿಯಾ, ಕೊಚ್ಚಿದರೆ ಒಳಗೆಲ್ಲ ಬೆರೆಯುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆ ವಿಷ ಹೋಗುವುದಿಲ್ಲ. ಅರ್ಧ ಗಂಟೆಯಲ್ಲ, ಸಂಜೆವರೆಗೂ ಕುದಿಸಿದ್ದರೂ ನಿಮ್ಮ ಕೌಂಟರಿನ ಕೊಳೆ ನನ್ನ ಪಾತ್ರೆಯಲ್ಲಿ ತೊಳೆದುಹೋಗುತ್ತಿರಲಿಲ್ಲ.

ಗಾಯವಿದ್ದರೆ ಪೂರ್ತಿ ಮುಚ್ಚಿರಬೇಕು, ಆಹಾರಕ್ಕೆ ತಾಗಬಾರದು ಅನ್ನುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಅವರು ಕೊಟ್ಟ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು. ನನ್ನ ಬಿಲ್ಲಿನಲ್ಲಿ "ಮತ್ತೆ ಬನ್ನಿ" ಅಂತ ಮಾತ್ರ ಇದೆ. ಇದೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ.

ನಿಮ್ಮ ಕಸ್ಟಮರ್ ಕೇರ್‌ನವರು ಕೊನೆಗೆ ಕಳಿಸಿದ್ದು ಮುಂದಿನ ಖರೀದಿಗೆ ಡಿಸ್ಕೌಂಟ್ ಕೂಪನ್. ಯಾರಿಗೆ? ಡ್ರಿಪ್ ಹಾಕಿಸಿಕೊಂಡ ಮಕ್ಕಳಿಗಾ?

ಆಸ್ಪತ್ರೆ ಖರ್ಚು ಕೊಡಿ ಅಂತ ಬರೆಯೋಣ ಅಂತಲೇ ಕೂತಿದ್ದೆ. ಈಗ ಬೇಡ, ಗ್ರಾಹಕರ ಆಯೋಗದಲ್ಲೇ ಕೇಳುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಹೋಗುತ್ತದೆ, ಆ ಬೆರಳಿನ ಫೋಟೋ ಸಮೇತ. ಅವರು ಬಂದಾಗ ನಿಮ್ಮ ಮ್ಯಾನೇಜರ್ ಅವರಿಗೂ ಅಡುಗೆ ಪಾಠ ಮಾಡಲಿ.

ಇಂತಿ,
ನಿಮ್ಮ ಹಳೆಯ ಗ್ರಾಹಕಿ