ಟ್ಯಾಬ್ ಮಾರಿದವರು ಫರ್ಮ್‌ವೇರ್ ಫೈಲನ್ನೂ ಕೊಡಲಿ

ಸಂಪಾದಕರೇ,

ಕೊರೊನಾ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅಗ್ಗದ ಆಂಡ್ರಾಯ್ಡ್ ಟ್ಯಾಬ್ ಬಂದವು. ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ್ದು ಯಾರಿಗೂ ಮರೆತಿಲ್ಲ. ಈಗ ಆ ಟ್ಯಾಬ್‌ಗಳು ಎಲ್ಲಿವೆ? ಸುಮಾರು ಮನೆಗಳಲ್ಲಿ ಕಪಾಟಿನ ಮೂಲೆಯಲ್ಲಿವೆ. ಬಟನ್ ಒತ್ತಿದರೆ ಕಂಪನಿಯ ಲೋಗೋ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಕೆಲವಕ್ಕೆ ಅದೂ ಬರುವುದಿಲ್ಲ.

ನಮ್ಮ ಅಕ್ಕನ ಮಗಳ ಟ್ಯಾಬ್‌ದೂ ಇದೇ ಕತೆ. ಅಪ್‌ಡೇಟ್ ಆಗುತ್ತಿದ್ದಾಗ ಚಾರ್ಜ್ ಮುಗಿದು ಆಫ್ ಆಯಿತು, ಮತ್ತೆ ಏಳಲಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಒಯ್ದರೆ, ಬೋರ್ಡ್ ಹೋಗಿದೆ, ಬದಲಿಸಬೇಕು ಎಂದರು. ಅವರು ಹೇಳಿದ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ. ಆದರೆ ಬೋರ್ಡಿಗೆ ಏನೂ ಆಗಿರಲಿಲ್ಲ. ಒಳಗಿನ ಫರ್ಮ್‌ವೇರ್, ಅಂದರೆ ಟ್ಯಾಬ್ ನಡೆಸುವ ಸಾಫ್ಟ್‌ವೇರ್, ಕೆಟ್ಟಿತ್ತು, ಅಷ್ಟೇ. ಮನೆಯಲ್ಲೇ ಲ್ಯಾಪ್‌ಟಾಪಿಗೆ ಹಚ್ಚಿ ಫ್ಲ್ಯಾಶ್ ಮಾಡಿದೆ, ಅಂದರೆ ಫರ್ಮ್‌ವೇರನ್ನು ಹೊಸದಾಗಿ ಬರೆದೆ. ಈಗ ಚೆನ್ನಾಗಿ ನಡೆಯುತ್ತಿದೆ.

ಇದರಲ್ಲಿ ಜಾದೂ ಏನಿಲ್ಲ. ಆಂಡ್ರಾಯ್ಡ್ ಇರುವುದು ಟ್ಯಾಬ್‌ನ ಫ್ಲ್ಯಾಶ್ ಮೆಮೊರಿಯಲ್ಲಿ, ಅದು ಅರ್ಧ ಬರೆದು ನಿಂತರೆ ಟ್ಯಾಬ್ ಏಳುವುದಿಲ್ಲ. ಆದರೆ ಮುಖ್ಯ ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಕೂರಿಸಿದ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದನ್ನು ಯಾರೂ ಅಳಿಸಲಾಗುವುದಿಲ್ಲ. ಮೆಮೊರಿ ಪೂರ್ತಿ ಖಾಲಿಯಾಗಿದ್ದರೂ ಅದು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್ ಜೊತೆ ಮಾತಾಡುತ್ತದೆ. ಆಲ್‌ವಿನ್ನರ್ ಚಿಪ್ ಆದರೆ ಸಾಮಾನ್ಯವಾಗಿ ವಾಲ್ಯೂಮ್ ಬಟನ್ ಹಿಡಿದುಕೊಂಡು ಕೇಬಲ್ ಚುಚ್ಚಿ, ಪವರ್ ಬಟನ್ನನ್ನು ಪಟಪಟ ಒತ್ತಬೇಕು. ಆಗ ಕಂಪ್ಯೂಟರಿನಲ್ಲಿರುವ ಫೀನಿಕ್ಸ್‌ಸೂಟ್ ಎಂಬ ಫ್ಲ್ಯಾಶ್ ಮಾಡುವ ಪ್ರೋಗ್ರಾಂ ಅದನ್ನು ಗುರುತಿಸುತ್ತದೆ. ಮೀಡಿಯಾಟೆಕ್ ಆದರೆ ಎಸ್‌ಪಿ ಫ್ಲ್ಯಾಶ್ ಟೂಲ್, ರಾಕ್‌ಚಿಪ್‌ಗೆ ಅದರದೇ ಬೇರೆ ಟೂಲ್. ಇವೆಲ್ಲ ಪುಕ್ಕಟೆ ಸಿಗುತ್ತವೆ. ಕುಮಟಾ, ಹೊನ್ನಾವರದ ಮೊಬೈಲ್ ರಿಪೇರಿ ಹುಡುಗರಿಗೆ ಇದು ಹೊಸ ಕೆಲಸವೂ ಅಲ್ಲ.

ಹಾಗಾದರೆ ತೊಂದರೆ ಎಲ್ಲಿ? ಬರೆಯಬೇಕಾದ ಫರ್ಮ್‌ವೇರ್ ಫೈಲ್ ಸಿಗುವುದಿಲ್ಲ. ಡಬ್ಬಿಯ ಮೇಲೆ ಒಂದೇ ಮಾಡೆಲ್ ಹೆಸರು, ಒಳಗೆ ನೋಡಿದರೆ ಒಂದೊಂದು ಲಾಟಿಗೆ ಒಂದೊಂದು ಬೋರ್ಡ್, ಬೇರೆ ಟಚ್ ಚಿಪ್, ಬೇರೆ ವೈಫೈ. ಹಿಂದಿನ ಮುಚ್ಚಳ ಬಿಚ್ಚಿ ಬೋರ್ಡ್ ಮೇಲೆ ಅಚ್ಚಾದ ನಂಬರ್ ನೋಡಿಯೇ ಫೈಲ್ ಹುಡುಕಬೇಕು. ಬೇರೆ ಬೋರ್ಡಿನ ಫೈಲ್ ಹಾಕಿದರೆ ಟ್ಯಾಬ್ ಎದ್ದರೂ ಎಡಕ್ಕೆ ಮುಟ್ಟಿದ್ದು ಬಲಕ್ಕೆ ಹೋಗುತ್ತದೆ, ಇಲ್ಲವೇ ಸ್ಕ್ರೀನ್ ಬೆಳ್ಳಗಾಗಿ ಕೂರುತ್ತದೆ. ಮಾರಿದ ಕಂಪನಿಯನ್ನು ಕೇಳಿದರೆ ಉತ್ತರವೇ ಇಲ್ಲ. ಕಡೆಗೆ ಯಾರ ಪರಿಚಯವೂ ಇಲ್ಲದ ವೆಬ್‌ಸೈಟ್‌ಗಳಿಂದ ಇಳಿಸಿಕೊಳ್ಳಬೇಕು. ಅಲ್ಲಿ ಹೆಜ್ಜೆ ಹೆಜ್ಜೆಗೂ ಜಾಹೀರಾತು, ಜಿಪ್ ಬಿಚ್ಚಲು ಪಾಸ್‌ವರ್ಡ್, ಪಾಸ್‌ವರ್ಡಿಗೆ ದುಡ್ಡು. ಇಷ್ಟೆಲ್ಲ ಮಾಡಿದ ಮೇಲೂ ಅದರೊಳಗೆ ವೈರಸ್ ಸೇರಿಸಿದ್ದಾರೋ ಇಲ್ಲವೋ ದೇವರೇ ಬಲ್ಲ. ಮಗು ಬಳಸುವ ಟ್ಯಾಬ್‌ಗೆ ಇಂಥ ಫೈಲ್ ಹಾಕಬೇಕಾ?

ಗೂಗಲ್ ತನ್ನ ನೆಕ್ಸಸ್, ಪಿಕ್ಸೆಲ್ ಫೋನ್, ಟ್ಯಾಬ್‌ಗಳ ಫರ್ಮ್‌ವೇರ್ ಫೈಲ್‌ಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಅಂದರೆ ಆಗದ ಕೆಲಸವಲ್ಲ. ಇನ್ನೊಂದು ಮಾತು. ಆಂಡ್ರಾಯ್ಡ್‌ನ ತಿರುಳಾಗಿರುವ ಲಿನಕ್ಸ್ ಕರ್ನೆಲ್ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನದು. ಅದನ್ನು ಹಾಕಿ ಮಾರುವ ಕಂಪನಿ ಕೇಳಿದವರಿಗೆ ಆ ಕರ್ನೆಲ್‌ನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಕೊಡಲೇಬೇಕು. ಅಗ್ಗದ ಟ್ಯಾಬ್ ಕಂಪನಿಗಳಲ್ಲಿ ಎಷ್ಟು ಮಂದಿ ಕೊಡುತ್ತಾರೆ ಅಂತ ಕೇಳಿ ನೋಡಿ, ನಗು ಬರುತ್ತದೆ.

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಫೋನ್, ಟ್ಯಾಬ್ ಮಾಡೆಲಿನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 7 ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ಶುರು ಮಾಡಿದೆ. ಒಳ್ಳೆಯದೇ. ಆದರೆ ಅಲ್ಲಿ ಸಿಗುವ ಸರ್ವಿಸ್ ಸೆಂಟರಿನ ವಿಳಾಸ, ಫೋನ್ ನಂಬರ್ ಇಟ್ಟುಕೊಂಡು ಕುಮಟೆಯಲ್ಲಿರುವವರು ಏನು ಮಾಡಬೇಕು? ಬೋರ್ಡ್ ನಂಬರ್ ಹಾಕಿದರೆ ಫೈಲ್ ಇಳಿಯುವಂತಿರಬೇಕು. ಇದನ್ನು ಇಲಾಖೆ ಕಡ್ಡಾಯ ಮಾಡಲಿ.

ಸತ್ತ ಟ್ಯಾಬ್‌ಗಳೆಲ್ಲ ಹೀಗೇ ಬದುಕುತ್ತವೆ ಎಂದು ಹೇಳುತ್ತಿಲ್ಲ. ಮೆಮೊರಿ ಚಿಪ್ಪೇ ಸವೆದಿದ್ದರೆ ಫ್ಲ್ಯಾಶ್ ಅರ್ಧಕ್ಕೆ ಎರರ್ ಕೊಟ್ಟು ನಿಲ್ಲುತ್ತದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕನೆಕ್ಟರ್ ಹಸಿರುಗಟ್ಟಿದ್ದರೆ ಅದು ಬೇರೆಯೇ ರಿಪೇರಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟಲೇಬೇಡಿ. ಮನೆಯಲ್ಲಿ ಮಾಡಿ ನೋಡುವವರು ಮೀಡಿಯಾಟೆಕ್ ಟೂಲಿನಲ್ಲಿ ಫಾರ್ಮ್ಯಾಟ್ ಆಲ್ ಒತ್ತಬೇಡಿ, ಸಿಮ್ ಹಾಕುವ ಟ್ಯಾಬ್ ಆದರೆ ಐಎಂಇಐ, ಅಂದರೆ ನೆಟ್‌ವರ್ಕ್ ಟ್ಯಾಬನ್ನು ಗುರುತಿಸುವ ನಂಬರ್, ಅಳಿಸಿಹೋಗುತ್ತದೆ. ಮಳೆಗಾಲದಲ್ಲಂತೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಿಂದ ಈ ಕೆಲಸ ಬೇಡ, ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ ಅಲ್ವಾ.

ದಿಲ್ಲಿಯಲ್ಲಿ ನಿಯಮ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಜಿಲ್ಲೆಯಲ್ಲಿ ಶಾಲೆಗಳಿಗೆ, ಅಂಗನವಾಡಿಗಳಿಗೆ ಯಾರೇ ಟ್ಯಾಬ್ ಕೊಳ್ಳಲಿ, ದಾನ ಕೊಡುವ ಸೊಸೈಟಿಗಳೂ ಸೇರಿ, ಟೆಂಡರಿನಲ್ಲೋ ಆರ್ಡರಿನಲ್ಲೋ ಒಂದು ಸಾಲು ಸೇರಿಸಲಿ: ಈ ಲಾಟಿನ ಬೋರ್ಡಿನ ಪೂರ್ತಿ ಫರ್ಮ್‌ವೇರ್ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಡತಕ್ಕದ್ದು, ಕೊಟ್ಟ ಮೇಲೆಯೇ ಬಿಲ್ ಪಾಸ್.

– ಒಬ್ಬ ಓದುಗ, ಕುಮಟಾ